ಮಂಡಲ ಪಂಚಾಯಿತಿಯ ಚರಿತ್ರೆ ಬರೆಯುವುದು ಹೇಗೆ: ಮಧುಗಿರಿ ಸೀಮೆಯ ಒಬ್ಬ ಬಿಲ್ ಕಲೆಕ್ಟರ್ ಹೇಳುವುದು

ನಮ್ಮ ಕಚೇರಿಯ ಬೋರ್ಡಿನಿಂದ ‘ಮಂಡಲ’ ಎಂಬ ಪದ ಅಳಿಸಿಸಿದವನು ನಾನೇ. 1993ರ ಮಾತು. ನೀಲಿ ತಗಡಿನ ಮೇಲೆ ಬಿಳಿ ಅಕ್ಷರ. ಪೇಂಟರನ್ನು ಕರೆಸಿ ಆ ಮೂರು ಅಕ್ಷರದ ಮೇಲೆ ನೀಲಿ ಬಳಿಸಿ, ಒಣಗಿದ ಮೇಲೆ ‘ಗ್ರಾಮ’ ಅಂತ ಬರೆಸಿದೆ. ‘ಪಂಚಾಯಿತಿ’ ಅನ್ನುವುದು ಹಾಗೇ ಉಳಿಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ಒಂಬತ್ತು ಸಾವಿರ ಜನರ ನೀರು, ದೀಪ, ರಸ್ತೆ ನೋಡಿಕೊಂಡ ಒಂದು ಸಂಸ್ಥೆ ಅಲ್ಲಿಗೆ ಮುಗಿಯಿತು ಅಂತ ಆವತ್ತು ನನಗೆ ಹೊಳೆಯಲಿಲ್ಲ.

ನಾನು 1981ರಲ್ಲಿ ಹಳೇ ವಿಲೇಜ್ ಪಂಚಾಯಿತಿಗೆ ಬಿಲ್ ಕಲೆಕ್ಟರ್ ಆಗಿ ಸೇರಿದವನು. 1987ರಲ್ಲಿ ಹಲವು ಹಳ್ಳಿಗಳನ್ನು ಕೂಡಿಸಿದ ಮಂಡಲ ಪಂಚಾಯಿತಿ ಬಂತು, ಅಲ್ಲೇ ಇದ್ದೆ. ಗ್ರಾಮ ಪಂಚಾಯಿತಿ ಬಂತು, ಅಲ್ಲೂ ಇದ್ದೆ. 2018ರಲ್ಲಿ ನಿವೃತ್ತನಾದೆ. ನಮ್ಮದು ಮಧುಗಿರಿ ತಾಲ್ಲೂಕು, ಪುರವರ ಹೋಬಳಿ. ಮೂವತ್ತೇಳು ವರ್ಷ ಮನೆಮನೆ ಬಾಗಿಲಿಗೆ ಹೋಗಿ ಮನೆಗಂದಾಯ, ನೀರಿನ ಕರ ಎತ್ತಿದ್ದೇನೆ.

ನಿವೃತ್ತಿಯಾದ ಮೇಲೆ ಒಂದು ದಿನ ಪಕ್ಕದ ಹಳ್ಳಿಯಲ್ಲಿ ಒಬ್ಬ ಅಜ್ಜಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅವರು 1987ರಲ್ಲಿ ನಮ್ಮ ಮಂಡಲದ ಸದಸ್ಯರಾಗಿದ್ದವರು. ಅವರ ಹಟದಿಂದಲೇ ಆ ಊರಿನ ಕಾಲೊನಿಗೆ ಬೋರ್‌ವೆಲ್ ಬಂದದ್ದು. ಅಲ್ಲಿದ್ದ ಅವರ ಮೊಮ್ಮಗನಿಗೆ ನಾನು ಇದನ್ನು ಹೇಳಿದರೆ ಅವನು ನನ್ನ ಮುಖವನ್ನೇ ನೋಡಿದ. “ನಮ್ಮಜ್ಜಿ ಮೆಂಬರ್ ಆಗಿದ್ರಾ?” ಅಂದ. ಮನೆಯಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ. ಆವತ್ತು ರಾತ್ರಿ ಮನೆಗೆ ಬಂದು ನಮ್ಮ ಮಂಡಲದ 24 ಸದಸ್ಯರ ಹೆಸರು ನೆನಪಿನಿಂದ ಬರೆಯಲು ಕೂತೆ. ಹದಿನೇಳಕ್ಕೆ ನಿಂತುಹೋಯಿತು. ಉಳಿದ ಏಳು ಹೆಸರು ಹುಡುಕಲು ನನಗೆ ಎಂಟು ತಿಂಗಳು ಹಿಡಿಯಿತು. ಪುಸ್ತಕ ಮುಗಿಯಲು ಎರಡು ವರ್ಷ.

ನಿಮ್ಮ ಕಡೆಯೂ ಒಂದು ಮಂಡಲ ಪಂಚಾಯಿತಿ ಇದ್ದೇ ಇತ್ತು. ಅದರ ಚರಿತ್ರೆ ಬರೆಯಬೇಕು ಅನ್ನಿಸಿದರೆ, ನಾನು ತಪ್ಪಿದ ಕಡೆ ನೀವು ತಪ್ಪದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಲ ಗಟ್ಟಿ ಮಾಡಿಕೊಳ್ಳಿ

ಹಳ್ಳಿಯಲ್ಲಿ ಎಲ್ಲರೂ ಎಲ್ಲದಕ್ಕೂ ‘ಪಂಚಾಯ್ತಿ’ ಅಂತಲೇ ಹೇಳುತ್ತಾರೆ. ಶಾಲೆ ಕೊಠಡಿ ಕಟ್ಟಿಸಿದವರು ಯಾರು ಅಂದರೆ ಪಂಚಾಯ್ತಿಯವರು. ಯಾವ ಪಂಚಾಯಿತಿ? ಇದನ್ನು ಬಿಡಿಸದೆ ಬರೆಯಲು ಹೊರಟರೆ ಮೂರು ಸಂಸ್ಥೆಗಳ ಕೆಲಸ ಒಂದೇ ಮೂಟೆಯಾಗುತ್ತದೆ.

ಹಳೇ ಮೈಸೂರು ಸೀಮೆಯಲ್ಲಿ ಮಹಾರಾಜರ ಕಾಲಕ್ಕೇ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳಿದ್ದವು. 1926ರ ಕಾಯ್ದೆಯಲ್ಲಿ ತಾಲ್ಲೂಕು ಬೋರ್ಡು ಹೋಗಿ ಜಿಲ್ಲಾ ಬೋರ್ಡು ಮಾತ್ರ ಉಳಿಯಿತು. ಆಮೇಲೆ 1959ರ ಕಾಯ್ದೆ ಬಂತು. ಕೆಳಗೆ ವಿಲೇಜ್ ಪಂಚಾಯಿತಿ, ತಾಲ್ಲೂಕಿಗೆ ತಾಲ್ಲೂಕು ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಡಿ.ಸಿ. ಸಾಹೇಬರು ಅಧ್ಯಕ್ಷರಾಗಿದ್ದ ಅಭಿವೃದ್ಧಿ ಪರಿಷತ್ತು. ಆ ತಾಲ್ಲೂಕು ಮಂಡಳಿಯನ್ನು ನಮ್ಮ ಕಡೆ ಇವತ್ತಿಗೂ ಹಿರಿಯರು ‘ಟಿ.ಡಿ.ಬಿ.’ ಅಥವಾ ಬರೀ ‘ಬೋರ್ಡು’ ಅನ್ನುತ್ತಾರೆ.

ಮಂಡಲದ ಕಾಯ್ದೆ 1983ರದ್ದು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಅದೇ ವರ್ಷದ ಏಪ್ರಿಲ್‌ನಿಂದ, ಮಂಡಲಗಳ ಮೇಲೆ ಜಿಲ್ಲೆಗೊಂದರಂತೆ ಇದ್ದ ಜಿಲ್ಲಾ ಪರಿಷತ್ತುಗಳು ಕೆಲಸ ಶುರು ಮಾಡಿದವು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಬರಗಾಲದಲ್ಲಿ ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಅಂದರು. ಮಂಡಲಗಳು ಶುರುವಾದ ಮರುವರ್ಷ, 1988ರಲ್ಲಿ, ಅವರು ತೀರಿಕೊಂಡರು. 1992ರ ಆರಂಭದಲ್ಲಿ ಸದಸ್ಯರ ಐದು ವರ್ಷ ಮುಗಿಯಿತು. ಮತ್ತೆ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿ ಬಂದು ಕೂತರು. 1993ರ ಮೇ 10ರಂದು ಹೊಸ ಪಂಚಾಯತ್ ರಾಜ್ ಕಾಯ್ದೆ ಜಾರಿಯಾಗಿ ಗ್ರಾಮ ಪಂಚಾಯಿತಿಗಳಾದವು. ಆ ವರ್ಷದ ಡಿಸೆಂಬರಿನಲ್ಲಿ ಅವಕ್ಕೆ ಮೊದಲ ಚುನಾವಣೆ.

ಈ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಜೊತೆಗೆ ಒಂದು ಒಳಗುಟ್ಟು ಹೇಳುತ್ತೇನೆ. ಹಿರಿಯರ ಜೊತೆ ಮಾತಾಡುವಾಗ ಅವರು ಯಾವ ಪದವಿಯ ಹೆಸರು ಹೇಳುತ್ತಾರೆ ಅಂತ ಕಿವಿಗೊಡಿ. ‘ಛೇರ್ಮನ್ರು ಹಾಕಿಸಿದ್ರು’ ಅಂದರೆ ಅದು ವಿಲೇಜ್ ಪಂಚಾಯಿತಿ ಕಾಲ, 1987ಕ್ಕಿಂತ ಹಿಂದಿನದು. ‘ಪ್ರೆಸಿಡೆಂಟ್ರು’ ಅಂದರೆ ಹೆಚ್ಚಾಗಿ ಟಿ.ಡಿ.ಬಿ. ‘ಪ್ರಧಾನ್ರು’ ಅಂದರೆ ಮಂಡಲವೇ, ಬೇರೆ ಯಾವುದಕ್ಕೂ ಪ್ರಧಾನರಿರಲಿಲ್ಲ. ‘ಅಧ್ಯಕ್ಷರು’ ಅಂದರೆ ಹೆಚ್ಚಾಗಿ 1993ರ ಮೇಲಿನದು. ವರ್ಷ ಮರೆತವರೂ ಪದವಿ ಮರೆಯುವುದಿಲ್ಲ. ಈ ಒಂದು ಕಿವಿ ಇಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಗಡಿ

ಎರಡನೆಯ ಕೆಲಸ, ಯಾವ ಯಾವ ಹಳ್ಳಿ ನಿಮ್ಮ ಮಂಡಲಕ್ಕೆ ಸೇರಿತ್ತು ಎಂದು ಪಟ್ಟಿ ಮಾಡುವುದು. ಇದು ಸುಲಭ ಅಂದುಕೊಂಡು ನಾನು ಕೆಟ್ಟೆ. ಕರ ಎತ್ತಿದವನು ನಾನೇ, ನನಗೆ ಗೊತ್ತಿಲ್ಲದ್ದೇನು ಅಂತ ನೆನಪಿನಿಂದ ಹದಿನಾಲ್ಕು ಹಳ್ಳಿ ಬರೆದೆ. ಅದರಲ್ಲಿ ಒಂದು ಮಜರೆ, ಅಂದರೆ ದೊಡ್ಡ ಊರಿಗೆ ಸೇರಿದ ಸಣ್ಣ ಹಳ್ಳಿ, ನಮ್ಮದಾಗಿರಲೇ ಇಲ್ಲ. ಅದು 1993ರಲ್ಲಿ ನಮಗೆ ಬಂದು ಸೇರಿದ್ದು. ಆ ಮಜರೆಯ ಒಬ್ಬ ಅಮ್ಮ ಟ್ರಂಕಿನಿಂದ 1989ರ ಕಂದಾಯದ ರಸೀದಿ ತೆಗೆದು ತೋರಿಸಿದರು. ಮೇಲೆ ಪಕ್ಕದ ಮಂಡಲದ ಸೀಲು. “ನೀವು ಬರ್ತಾ ಇದ್ದದ್ದು ಆಮೇಲೆ ಕಣಣ್ಣ” ಅಂದರು. ಅಷ್ಟು ಹೊತ್ತಿಗೆ ನಾನು ಆ ಮಜರೆಯ ಬಗ್ಗೆ ನಾಲ್ಕು ಪುಟ ಬರೆದಾಗಿತ್ತು.

ಗಡಿ ಯಾಕೆ ಕಲಸಿಹೋಗುತ್ತದೆ ಅಂದರೆ ಅಳತೆಯೇ ಬದಲಾಯಿತು. ಮಂಡಲಕ್ಕೆ ನಮ್ಮ ಬಯಲುಸೀಮೆಯಲ್ಲಿ 8,000ದಿಂದ 12,000 ಜನಸಂಖ್ಯೆ ಇರಬೇಕಿತ್ತು. ಗ್ರಾಮ ಪಂಚಾಯಿತಿಗೆ ನಿಗದಿಯಾದದ್ದು 5,000ದಿಂದ 7,000. ಹಾಗಾಗಿ ಎಷ್ಟೋ ಮಂಡಲಗಳು 1993ರಲ್ಲಿ ಒಡೆದವು, ಹಳ್ಳಿಗಳು ಅತ್ತಿತ್ತ ಹೋದವು. ನಮ್ಮದೂ ಎರಡಾಯಿತು. ಕಾಗದಪತ್ರ ಮಾತ್ರ ಎರಡಾಗಲಿಲ್ಲ, ಮಂಡಲದ ಕೇಂದ್ರ ಯಾವ ಊರಲ್ಲಿತ್ತೋ ಅಲ್ಲೇ ಉಳಿದವು. ನಿಮ್ಮೂರು ಈಗ ಬೇರೆ ಗ್ರಾಮ ಪಂಚಾಯಿತಿಯಾಗಿದ್ದರೆ, ಹಳೇ ದಾಖಲೆ ನಿಮ್ಮ ಕಚೇರಿಯಲ್ಲಿ ಸಿಗದು. ಪಕ್ಕದ ಊರಿನ ಕಚೇರಿಯಲ್ಲಿ ಕೇಳಿ. ‘ಇಲ್ಲಿಲ್ಲ’ ಅಂದ ಮಾತಿಗೆ ಸೋತು ವಾಪಸ್ ಬಂದವರನ್ನು ಬಹಳ ಮಂದಿ ನೋಡಿದ್ದೇನೆ. ಅವರು ಕೇಳಿದ ಬಾಗಿಲು ತಪ್ಪಾಗಿತ್ತು ಅಷ್ಟೇ.

ಪಟ್ಟಿಗೆ ಮೂರು ಸಾಕ್ಷಿ ಬೇಕು ಅಂತ ನಾನು ನಿಯಮ ಮಾಡಿಕೊಂಡೆ. ಒಂದು, ಮನೆಗಂದಾಯದ ಡಿಮ್ಯಾಂಡ್ ರಿಜಿಸ್ಟರು. ಅದರಲ್ಲಿ ಹಳ್ಳಿವಾರು ಮನೆ ನಂಬರು, ಮಾಲೀಕರ ಹೆಸರು, ಬೇಡಿಕೆ, ವಸೂಲಿ, ಬಾಕಿ ಎಲ್ಲ ಇರುತ್ತದೆ. ಎರಡು, ಜಿಲ್ಲಾ ಜನಗಣತಿ ಕೈಪಿಡಿ. 1981 ಮತ್ತು 1991ರದ್ದು ಎರಡೂ ನೋಡಿ. ತಾಲ್ಲೂಕುವಾರು ಪ್ರತಿ ಹಳ್ಳಿಯ ಜನಸಂಖ್ಯೆ ಇದೆ, ಜನವಸತಿಯಿಲ್ಲದ ಬೇಚರಾಕ್ ಗ್ರಾಮಗಳನ್ನೂ ಬಿಟ್ಟಿಲ್ಲ. ಮೂರು, ಆ ಹಳ್ಳಿಯ ಯಾರದಾದರೂ ಮನೆಯಲ್ಲಿರುವ ರಸೀದಿ. ರಸೀದಿಯನ್ನು ಕೊನೆಗೆ ಬರೆದೆ, ಆದರೆ ನನ್ನ ಮನಸ್ಸಿನಲ್ಲಿ ಅದೇ ಮೊದಲನೆಯದು. ಕಚೇರಿಯ ಪುಸ್ತಕಕ್ಕೆ ಗೆದ್ದಲು ಹಿಡಿದರೂ ಬಡವರ ಮನೆಯ ಟ್ರಂಕಿನಲ್ಲಿ ರಸೀದಿ ಇರುತ್ತದೆ. ಮನೆ ತಮ್ಮದು ಅನ್ನುವುದಕ್ಕೆ ಅವರಿಗೆ ಅದೊಂದೇ ಕಾಗದ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇನ್ನೊಂದು ಮಾತು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಮಂಡಲಗಳ ಕಾಲಕ್ಕೆ ಗೌರಿಬಿದನೂರು, ಗುಡಿಬಂಡೆ, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿ ಎಲ್ಲ ಕೋಲಾರ ಜಿಲ್ಲಾ ಪರಿಷತ್ತಿನ ಕೆಳಗಿದ್ದವು. ಜನಗಣತಿ ಕೈಪಿಡಿಯನ್ನೂ ಗೆಜೆಟಿಯರನ್ನೂ ಕೋಲಾರದ ಹೆಸರಿನಲ್ಲೇ ಹುಡುಕಿ. ನಮ್ಮ ತುಮಕೂರು ಗೆಜೆಟಿಯರು 1969ರದ್ದು, ಕೋಲಾರದ್ದು 1968ರದ್ದು. ಎರಡೂ ಟಿ.ಡಿ.ಬಿ. ಕಾಲದವು. ಮಂಡಲ ಹುಟ್ಟುವ ಮುಂಚೆ ತಾಲ್ಲೂಕಿನ ಸ್ಥಿತಿ ಹೇಗಿತ್ತು ಅನ್ನುವುದಕ್ಕೆ ಒಂದು ಸಲ ಓದಿಕೊಂಡರೆ ಸಾಕು.

ಕಾಗದ ಕೇಳುವ ಬಗೆ

ಕಚೇರಿಗೆ ಹೋಗಿ “ಹಳೇ ಚರಿತ್ರೆ ಬೇಕು” ಅನ್ನಬೇಡಿ. ಅಲ್ಲಿರುವವರಿಗೆ ಇವತ್ತಿನ ಉದ್ಯೋಗ ಖಾತ್ರಿ ಕೆಲಸ, ಇ-ಸ್ವತ್ತು, ಸಭೆಗಳೇ ತಲೆ ಮೇಲಿರುತ್ತವೆ. ಪುಸ್ತಕದ ಹೆಸರು ಹೇಳಿ ಕೇಳಿ. ಮಂಡಲದ ನಡಾವಳಿ ಪುಸ್ತಕ, ಅಂದರೆ ಸಭೆಯ ತೀರ್ಮಾನಗಳನ್ನು ಬರೆದಿಟ್ಟದ್ದು, 1987ರಿಂದ 1992. ಗ್ರಾಮಸಭೆಯ ನಡಾವಳಿ, ಬೇರೆ ಪುಸ್ತಕವಿದ್ದರೆ. ಮನೆಗಂದಾಯದ ಡಿಮ್ಯಾಂಡ್ ರಿಜಿಸ್ಟರು. ನಗದು ಪುಸ್ತಕ. ಕಾಮಗಾರಿಗಳ ಅಳತೆ ಪುಸ್ತಕ, ಅಂದರೆ ಎಂ.ಬಿ. ಇಷ್ಟು ಸಿಕ್ಕರೆ ನಿಮ್ಮ ಪುಣ್ಯ. ಒಂದೇ ಒಂದು ಸಿಗುವುದಾದರೆ ನಡಾವಳಿ ಪುಸ್ತಕ ಸಿಗಲಿ ಅಂತ ದೇವರಿಗೆ ಕೈಮುಗಿಯಿರಿ.

ಬಾಯಿಮಾತಿಗೆ ಆಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಪಿ.ಡಿ.ಒ., ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅವರೇ ಮಾಹಿತಿ ಅಧಿಕಾರಿ. ನಮ್ಮ ರಾಜ್ಯದಲ್ಲಿ ಅರ್ಜಿಗೆ 10 ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಬಹುದು. ನಕಲು ಪುಟಕ್ಕೆ 2 ರೂಪಾಯಿ. 30 ದಿನದೊಳಗೆ ಉತ್ತರ ಬರಬೇಕು. ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ಐದು ಪುಸ್ತಕವನ್ನು ಒಂದೇ ಅರ್ಜಿಯಲ್ಲಿ ಕೇಳಿ ತಿರಸ್ಕಾರ ಆಗಿಸಿಕೊಳ್ಳಬೇಡಿ. ನಕಲಿಗಿಂತ ಮೊದಲು ಪರಿಶೀಲನೆಗೆ ಅವಕಾಶ ಕೇಳಿ. ಕಾನೂನಿನಲ್ಲೇ ಆ ಹಕ್ಕಿದೆ. ಪುಟ ತಿರುವಿ ನೋಡಿದ ಮೇಲೆ ಬೇಕಾದ ಪುಟಗಳದ್ದು ಮಾತ್ರ ನಕಲು ಪಡೆದರೆ ದುಡ್ಡೂ ಉಳಿಯುತ್ತದೆ, ಕಚೇರಿಯವರಿಗೂ ತ್ರಾಸ ಕಡಿಮೆ.

ಸರ್ಕಾರಿ ಕಡತಗಳಿಗೆ ಆಯಸ್ಸು ಇದೆ. ‘ಎ’ ವರ್ಗದ್ದು ಶಾಶ್ವತ, ‘ಬಿ’ 30 ವರ್ಷ, ‘ಸಿ’ 10 ವರ್ಷ, ಹೀಗೆ ಇಳಿಯುತ್ತದೆ. 1987ರಲ್ಲಿ ಹುಟ್ಟಿದ ಕಡತಕ್ಕೆ 30 ವರ್ಷ ಕಳೆದು ಆಗಲೇ ಬಹಳ ದಿನವಾಯಿತು. ನನ್ನ ಕಣ್ಣೆದುರೇ ಒಂದು ಕಚೇರಿಯಲ್ಲಿ ಹಳೇ ರಿಜಿಸ್ಟರುಗಳನ್ನು ಗೋಣಿಚೀಲಕ್ಕೆ ತುಂಬಿ ತೂಕಕ್ಕೆ ಹಾಕಿದರು. ಯಾವ ಕಚೇರಿ ಅಂತ ಬರೆಯುವುದಿಲ್ಲ. ಆ ದಿನ ನಾನು ತಡೆಯಲಿಲ್ಲ. ಅದರಲ್ಲಿ 1984ರ ಬರಗಾಲದ ಕಾಮಗಾರಿಗಳ ಲೆಕ್ಕವಿತ್ತು. ಅದಕ್ಕೇ ಹೇಳುತ್ತೇನೆ, ಈ ಕೆಲಸವನ್ನು ಮುಂದಿನ ಬೇಸಿಗೆಗೆ ಅಂತ ಮುಂದೂಡಬೇಡಿ.

ಸಿಕ್ಕಿದ ಪುಸ್ತಕವನ್ನು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕಿಟಕಿ ಪಕ್ಕದ ಬೆಳಕಿನಲ್ಲಿ, ಫ್ಲಾಶ್ ಹಾಕದೆ, ಪ್ರತಿ ಫೋಟೋದಲ್ಲಿ ಪುಟದ ನಂಬರು ಬರುವ ಹಾಗೆ. ಮೊದಲ ಫೋಟೋ ಪುಸ್ತಕದ ರಟ್ಟಿನದ್ದಾಗಿರಲಿ. ನಾನು ಇದನ್ನು ಮಾಡದೆ, ಇನ್ನೂರು ಫೋಟೋ ಯಾವ ಪುಸ್ತಕದ್ದು ಅಂತ ತಿಳಿಯದೆ ಮತ್ತೆ ಹೋಗಬೇಕಾಯಿತು.

ಹಳೆಯದನ್ನು ಓದುವಾಗ

ಮಂಡಲದ ಪುಸ್ತಕ ಓದಲು ಕಷ್ಟವಿಲ್ಲ. ಅದರ ಹಿಂದಿನದಕ್ಕೆ ಹೋದರೆ ಸ್ವಲ್ಪ ತಯಾರಿ ಬೇಕು. 1957ರ ಏಪ್ರಿಲ್‌ಗಿಂತ ಹಿಂದಿನ ಲೆಕ್ಕ ರೂಪಾಯಿ, ಆಣೆ, ಪೈಗಳಲ್ಲಿದೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ‘2-8-0’ ಅಂತ ಕಂಡರೆ ಎರಡೂವರೆ ರೂಪಾಯಿ. ಅಂಕಿಗಳು ಕನ್ನಡದ್ದು. ಸೀಲಿನಲ್ಲಿ ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರಿಗೆ ಹಿಂದಿನದು. ಶಾನುಭೋಗರ ಕೈಬರಹವಾದರೆ 1963ಕ್ಕಿಂತ ಹಿಂದಿನದು ಇರಬಹುದು. ಆ ವರ್ಷ ಫೆಬ್ರವರಿಯಿಂದ ವಂಶಪಾರಂಪರ್ಯದ ಪಟೇಲ, ಶಾನುಭೋಗಿಕೆ ರದ್ದಾಗಿ ವಿಲೇಜ್ ಅಕೌಂಟೆಂಟ್ ಬಂದರು.

ಹಿರಿಯರು ಸಂವತ್ಸರ ಹೇಳಿದರೆ ಹೆದರಬೇಡಿ. 1987ರ ಯುಗಾದಿಗೆ ಪ್ರಭವ ಬಂತು. ಅರವತ್ತರ ಸುತ್ತಿನ ಮೊದಲನೆಯದೇ ಅದು. ಅಂದರೆ ಮಂಡಲವೂ ಹೊಸದು, ಸುತ್ತೂ ಹೊಸದು. ಅಲ್ಲಿಂದ ಬೆರಳು ಮಡಚಿ ಎಣಿಸಿದರೆ ವಿಭವ 1988, ಶುಕ್ಲ 1989, ಪ್ರಮೋದೂತ 1990. ಟಿ.ಡಿ.ಬಿ. ಕಾಯ್ದೆಯ 1959 ವಿಕಾರಿ. ನಮ್ಮೂರಿನ ಪೂಜಾರಪ್ಪನವರು “ಶುಕ್ಲದಲ್ಲಿ ಕೆರೆ ಏರಿಗೆ ಮಣ್ಣು ಹಾಕಿದ್ದು” ಅಂದರು. ನಗದು ಪುಸ್ತಕ ತೆಗೆದರೆ 1989ರಲ್ಲಿ ಜವಾಹರ್ ರೋಜ್‌ಗಾರ್ ಯೋಜನೆಯ ಮೊದಲ ಕಂತಿನಲ್ಲೇ ಏರಿ ಕೆಲಸದ ಕೂಲಿ ಬರೆದಿತ್ತು. ಆವತ್ತು ನನಗಾದ ಸಂತೋಷ ಹೇಳಲಾರೆ.

ಜನರ ಹತ್ತಿರ ಹೋಗುವುದು

ನಿಜವಾದ ಕೆಲಸ ಇಲ್ಲಿದೆ. ಕಾಗದ ಇನ್ನೂ ಹತ್ತು ವರ್ಷ ತಡೆದೀತು, 1987ರಲ್ಲಿ ನಲವತ್ತೈದು ವರ್ಷವಿದ್ದ ಸದಸ್ಯರು ತಡೆಯಲಾರರು. ಆದ್ದರಿಂದ ಕಾಗದಕ್ಕೆ ಕಾಯದೆ ಇವತ್ತೇ ಯಾರದಾದರೂ ಮನೆಗೆ ಹೋಗಿ.

ಮೊದಲು ಪ್ರಧಾನರ ಮನೆಗೆ ಹೋಗಬೇಕು ಅನ್ನಿಸುತ್ತದೆ. ನಾನು ಹೇಳುವುದು, ಪ್ರಧಾನರಿಗಿಂತ ಮೊದಲು ಹೆಣ್ಣು ಸದಸ್ಯರ ಮನೆಗೆ ಹೋಗಿ. ಯಾಕೆ ಅಂದರೆ, ಪಂಚಾಯಿತಿಗೆ ಹೆಂಗಸರು ಬಂದದ್ದು ಸಂವಿಧಾನದ 73ನೇ ತಿದ್ದುಪಡಿಯಿಂದ, 1993ರಲ್ಲಿ ಅಂತ ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೇವೆ. ಕರ್ನಾಟಕದ ಮಟ್ಟಿಗೆ ಆ ಮಾತು ತಪ್ಪು. ಅದಕ್ಕೂ ಆರು ವರ್ಷ ಮುಂಚೆ ಮಂಡಲ ಮತ್ತು ಜಿಲ್ಲಾ ಪರಿಷತ್ತಿನಲ್ಲಿ ನೂರಕ್ಕೆ 25 ಸ್ಥಾನ ಹೆಂಗಸರಿಗಿತ್ತು. ನಮ್ಮಲ್ಲಿ 24 ಸ್ಥಾನ, ಅದರಲ್ಲಿ ಆರು ಹೆಂಗಸರದ್ದು. ಹದಿನೆಂಟು ವರ್ಷದವರಿಗೆ ಆ ಚುನಾವಣೆಯಲ್ಲೇ ಓಟು ಬಂತು. ಲೋಕಸಭೆ, ವಿಧಾನಸಭೆಗೆ ಹದಿನೆಂಟಕ್ಕೆ ಓಟು ಬಂದದ್ದು ಎರಡು ವರ್ಷ ಆದ ಮೇಲೆ. ಇದೆಲ್ಲ ನಡೆದದ್ದು ನಮ್ಮ ಚಾವಡಿಯಲ್ಲಿ, ನಮ್ಮ ಕಣ್ಣ ಮುಂದೆ. ಆ ಆರು ಜನರ ಹೆಸರು ಈಗ ಊರಿನಲ್ಲಿ ಯಾವ ಗೋಡೆಯ ಮೇಲೂ ಇಲ್ಲ.

ಅವರ ಮನೆಗೆ ಹೋದಾಗ ಉತ್ತರ ಕೊಡುವವರು ಸಾಮಾನ್ಯವಾಗಿ ಗಂಡ ಅಥವಾ ಮಗ. “ಅವಳಿಗೇನು ಗೊತ್ತು, ನಾನೇ ಹೋಗ್ತಿದ್ದೆ ಮೀಟಿಂಗಿಗೆ” ಅನ್ನುತ್ತಾರೆ. ಹಾಗೆ ನಡೆದದ್ದೂ ಉಂಟು. ಆ ಮಾತನ್ನೂ ಬರೆದುಕೊಳ್ಳಿ. ಆಮೇಲೆ ಆ ಅಮ್ಮನವರು ರಾಗಿ ಹಸನು ಮಾಡುತ್ತಲೋ, ಹುಣಸೆಹಣ್ಣು ಕುಟ್ಟುತ್ತಲೋ ಕೂತಿರುವ ಕಡೆ ನೀವೂ ಕೂರಿ. ಮೀಟಿಂಗು, ಠರಾವು ಅಂತ ಕೇಳಬೇಡಿ. “ಆವತ್ತು ಮೊದಲನೇ ಸಲ ಆಫೀಸಿಗೆ ಬಂದಾಗ ಎಲ್ಲಿ ಕೂತಿದ್ರಮ್ಮಾ?” ಅಂತ ಕೇಳಿ. ನಾನು ಈ ಪ್ರಶ್ನೆಯನ್ನು ನಾಲ್ವರಿಗೆ ಕೇಳಿದೆ. ಇಬ್ಬರು “ಕೆಳಗೆ, ಚಾಪೆ ಮೇಲೆ” ಅಂದರು. ಒಬ್ಬರು “ಬಾಗ್ಲತ್ರ ನಿಂತ್ಕಂಡೇ ಇದ್ದೆ, ಒಳಗೆ ಹಿರೇರು ಇದ್ರಲ್ಲ” ಅಂದರು. ನಾಲ್ಕನೆಯವರು, ಕಾಲೊನಿಯಿಂದ ಗೆದ್ದವರು, ಸುಮ್ಮನಿದ್ದು ಆಮೇಲೆ ಹೇಳಿದರು: “ಕುರ್ಚಿ ಇತ್ತು. ಯಾರೂ ಕೂರು ಅನ್ನಲಿಲ್ಲ. ಮೂರ್ನೇ ಮೀಟಿಂಗಿಗೆ ನಾನೇ ಕೂತ್ಕಂಡೆ.” ನಾನು ಆ ಮೂರನೇ ಮೀಟಿಂಗಿನಲ್ಲಿ ಕಾಫಿ ಕೊಟ್ಟವನು. ನನಗೆ ನೆನಪಿರಲಿಲ್ಲ. ನಡಾವಳಿ ಪುಸ್ತಕದಲ್ಲಿ ಆ ದಿನದ ಹಾಜರಿಯಲ್ಲಿ ಅವರ ಹೆಬ್ಬೆಟ್ಟಿನ ಗುರುತಿದೆ, ಕುರ್ಚಿಯ ಸುದ್ದಿ ಇಲ್ಲ.

ಒಂದು ಪ್ರಶ್ನೆ ಎಲ್ಲರಿಗೂ ಕೇಳಿ. ನಿಮ್ಮೂರಲ್ಲಿ ಬೋರ್‌ವೆಲ್ ಎಲ್ಲಿ ಕೊರೆಸಬೇಕು ಅಂತ ಹೇಗೆ ತೀರ್ಮಾನವಾಯಿತು? ಮಂಡಲದ ಪೂರ್ತಿ ರಾಜಕೀಯ ಇದೊಂದು ಪ್ರಶ್ನೆಯಲ್ಲಿ ಹೊರಗೆ ಬರುತ್ತದೆ. ಮೇಲಿನಕೇರಿಗೋ, ಕಾಲೊನಿಗೋ, ಶಾಲೆ ಮುಂದಕ್ಕೋ, ಗೌಡರ ಮನೆ ತಿರುವಿಗೋ. ನಮ್ಮ ಸೀಮೆಯಲ್ಲಿ ಮಳೆ ಕೈಕೊಟ್ಟರೆ ಜಯಮಂಗಲಿ ಹೊಳೆ ಬರೀ ಮರಳು. ಕೈಪಂಪಿನ ಜಾಗವೆಂದರೆ ಅದು ಜೀವದ ಪ್ರಶ್ನೆ. ಮೂರು ಜನರನ್ನು ಬೇರೆ ಬೇರೆಯಾಗಿ ಕೇಳಿ, ಮೂರನ್ನೂ ಬರೆಯಿರಿ. ಒಂದೇ ಕೇರಿಯ ಮೂವರನ್ನು ಕೇಳಿದರೆ ಒಬ್ಬರನ್ನು ಕೇಳಿದಂತೆ.

ವರ್ಷ ಕೇಳಿದರೆ ಯಾರೂ ಹೇಳಲಾರರು. ಇಂದಿರಾ ಗಾಂಧಿ ಸತ್ತ ಮೇಲೋ ಮೊದಲೋ, ರಾಜೀವ್ ಗಾಂಧಿ ಸತ್ತಾಗ ಕೆಲಸ ನಡೆಯುತ್ತಿತ್ತೋ ಇಲ್ಲವೋ, ದೊಡ್ಡ ಮಗಳ ಮದುವೆ ಆಗಿತ್ತೋ ಇಲ್ಲವೋ ಅಂತ ಕೇಳಿ. ಮಧುಗಿರಿ ದಂಡಿನ ಮಾರಮ್ಮನ ಜಾತ್ರೆಗೆ ಮುಂಚೆಯೋ ಆಮೇಲೋ ಅಂದರೆ ತಿಂಗಳೂ ಸಿಗುತ್ತದೆ. ಗಡಿ ಹಳ್ಳಿಗಳಲ್ಲಿ ತೆಲುಗು ಬಂದರೆ ತೆಲುಗಿನಲ್ಲೇ ಮಾತಾಡಲು ಬಿಡಿ. ಆಂಧ್ರದ ಹಿಂದೂಪುರದ ಸಂತೆಗೆ ಹೋಗಿ ಬರುವ ನಮ್ಮವರಿಗೆ ಮನಸ್ಸಿನ ಮಾತು ಎಷ್ಟೋ ಸಲ ಆ ಭಾಷೆಯಲ್ಲೇ ಬರುತ್ತದೆ. ಅದನ್ನು ಕನ್ನಡಕ್ಕೆ ತಿದ್ದಿ ಹೇಳಿಸಿದರೆ ಮಾತು ಬಡವಾಗುತ್ತದೆ.

ನನ್ನನ್ನು ಕಂಡರೆ ಮೊದಮೊದಲು ಬಾಗಿಲು ಅರ್ಧ ಮುಚ್ಚುತ್ತಿದ್ದರು. “ಏನ್ ಬಿಲ್ ಕಲೆಟ್ರೇ, ಇನ್ನೂ ಬಾಕಿ ಐತಾ?” ಅಂತ. ಅದಕ್ಕೆ ನಾನು ಹಳೇ ಡಿಮ್ಯಾಂಡ್ ರಿಜಿಸ್ಟರಿನ ಫೋಟೋದಲ್ಲಿ ಅವರ ಅಪ್ಪನ ಹೆಸರು ತೋರಿಸಿ ಮಾತು ಶುರು ಮಾಡಲು ಕಲಿತೆ. ವರ್ಷಕ್ಕೆ ಆರು ರೂಪಾಯಿ ಕಂದಾಯ ಕಟ್ಟಿದ ಅಪ್ಪನ ಹೆಸರು ಸರ್ಕಾರದ ಪುಸ್ತಕದಲ್ಲಿ ನೋಡಿ ಅತ್ತವರಿದ್ದಾರೆ. ಆಮೇಲೆ ನೀರು ಕೊಟ್ಟು, ಚಾಪೆ ಹಾಸಿ, ತಾವೇ ಹೇಳಲು ಶುರು ಮಾಡುತ್ತಾರೆ. ನೀವು ಬಿಲ್ ಕಲೆಕ್ಟರ್ ಆಗಿರದಿದ್ದರೂ ಈ ದಾರಿ ನಡೆಯುತ್ತದೆ.

ಆಗಿನ ಕಾರ್ಯದರ್ಶಿಗಳು, ವಾಟರ್‌ಮನ್, ಜವಾನರನ್ನು ಮರೆಯಬೇಡಿ. ಪ್ರಧಾನರಿಗೆ ಸಭೆ ಗೊತ್ತು, ವಾಟರ್‌ಮನ್‌ಗೆ ಪೈಪು ಎಲ್ಲಿ ಹೋಗಿದೆ ಗೊತ್ತು. ನಿವೃತ್ತ ಕಾರ್ಯದರ್ಶಿಯೊಬ್ಬರ ಮನೆಯ ಅಟ್ಟದಲ್ಲಿ ನನಗೆ ನಮ್ಮ ಮಂಡಲದ ಮೊದಲ ಆಯವ್ಯಯದ ಕಾರ್ಬನ್ ಪ್ರತಿ ಸಿಕ್ಕಿತು. ಅವರ ಕೈಬರಹದ್ದೇ. ಮೂವತ್ತು ವರ್ಷ ಅದನ್ನು ಯಾಕೆ ಇಟ್ಟುಕೊಂಡಿದ್ದಿರಿ ಅಂದೆ. “ರಾತ್ರಿಯೆಲ್ಲ ಕೂತು ಬರೆದಿದ್ದೆ, ಬಿಸಾಕಕ್ಕೆ ಮನಸ್ಸು ಬರಲಿಲ್ಲ” ಅಂದರು.

ಕಲ್ಲು, ಗೋಡೆ

ಊರೆಲ್ಲ ಸುತ್ತಿ ಅಡಿಗಲ್ಲು, ಉದ್ಘಾಟನೆಯ ಫಲಕ, ಕೈಪಂಪಿನ ಕಟ್ಟೆ, ಬಸ್ ಸ್ಟ್ಯಾಂಡಿನ ಗೋಡೆ ನೋಡಿ. ಶಾಲೆಯ ಹಳೇ ಕೊಠಡಿಗೆ ಎಷ್ಟು ಸಲ ಬಣ್ಣ ಹೊಡೆದಿದ್ದರೂ ಬೆಳಗಿನ ಓರೆ ಬಿಸಿಲಿಗೆ ಹಳೇ ಅಕ್ಷರ ಕಾಣುತ್ತದೆ. ಕೆತ್ತಿದ ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಫೋಟೋ ತೆಗೆಯಿರಿ, ಮೊಳೆಯಿಂದ ಕೆರೆಯಬೇಡಿ. ಜನತಾ ಮನೆಗಳ ಸಾಲು ಇದ್ದರೆ ಎಷ್ಟು ಮನೆ, ಈಗ ಎಷ್ಟು ಉಳಿದಿವೆ, ಯಾರ್ಯಾರು ಅಂತ ಎಣಿಸಿ. ದನದ ದೊಡ್ಡಿ ಇದ್ದ ಜಾಗ ಕೇಳಿ. ಕಲ್ಲು ಸಿಗದಿದ್ದರೂ ಜಾಗದ ಹೆಸರು ಉಳಿದಿರುತ್ತದೆ.

ಬರೆಯುವುದು, ಅಚ್ಚು ಹಾಕಿಸುವುದು

ಅಬ್ದುಲ್ ನಜೀರ್ ಸಾಬರಿಂದ ಶುರು ಮಾಡಿ ನಿಮ್ಮೂರಿಗೆ ಇಳಿಯಬೇಡಿ. ನಿಮ್ಮೂರಿನ ಒಂದು ಸಭೆಯಿಂದ ಶುರು ಮಾಡಿ. ಕಾಯ್ದೆಯ ವಿಷಯ ಎರಡು ಪುಟಕ್ಕಿಂತ ಹೆಚ್ಚು ಬೇಡ. ಸದಸ್ಯರ ಪಟ್ಟಿಗೆ, ಹಳ್ಳಿಗಳ ಪಟ್ಟಿಗೆ, ಕಾಮಗಾರಿಗಳ ಪಟ್ಟಿಗೆ ಬೇಕಾದಷ್ಟು ಜಾಗ ಕೊಡಿ. ಜನ ಮೊದಲು ತೆಗೆದು ನೋಡುವುದು ಅದನ್ನೇ. ಕಾಯ್ದೆಯಲ್ಲಿ ಇದ್ದದ್ದೆಲ್ಲ ಊರಲ್ಲಿ ನಡೆಯಿತು ಅಂತ ಬರೆದುಬಿಡಬೇಡಿ. ನ್ಯಾಯ ಪಂಚಾಯಿತಿ ಅಂತ ಕಾಯ್ದೆಯ ಹೆಸರಿನಲ್ಲೇ ಇತ್ತು, ನಮ್ಮಲ್ಲಿ ಅದು ಒಂದು ದಿನವೂ ಕೂರಲಿಲ್ಲ. ವರ್ಷಕ್ಕೆ ಎರಡು ಗ್ರಾಮಸಭೆ ಆಗಬೇಕಿತ್ತು, ನಮ್ಮ ಪುಸ್ತಕದಲ್ಲಿ ಐದು ವರ್ಷಕ್ಕೆ ಸಿಕ್ಕಿದ್ದು ನಾಲ್ಕು.

ಜಗಳಗಳನ್ನು ಬಿಡಬೇಡಿ. ಅವಿಶ್ವಾಸ, ಪಕ್ಷಾಂತರ, ಕಾಮಗಾರಿ ಯಾರಿಗೆ ಕೊಟ್ಟರು ಅನ್ನುವುದು ಎಲ್ಲ ಚರಿತ್ರೆಯೇ. ಆದರೆ ದುಡ್ಡು ತಿಂದ ಆರೋಪವನ್ನು ನಡಾವಳಿಯಲ್ಲೋ ಆಡಿಟ್ ವರದಿಯಲ್ಲೋ ಇಲ್ಲದೆ ಒಬ್ಬರ ಬಾಯಿಮಾತಿನ ಮೇಲೆ ಹೆಸರು ಹಾಕಿ ಬರೆಯಬೇಡಿ. ಅವರ ಮಕ್ಕಳು ಅದೇ ಬೀದಿಯಲ್ಲಿದ್ದಾರೆ, ಉತ್ತರ ಕೊಡಬೇಕಾದವರು ಇಲ್ಲ. ಅಚ್ಚಿಗೆ ಕೊಡುವ ಮುಂಚೆ ಪ್ರತಿ ಮನೆಯವರಿಗೆ ಅವರ ಭಾಗ ಓದಿ ಹೇಳಿ. ನನಗೆ ಇದಕ್ಕೆ ಮೂರು ತಿಂಗಳು ಹಿಡಿಯಿತು, ಹನ್ನೊಂದು ತಪ್ಪು ಸಿಕ್ಕಿದವು.

ನಮ್ಮದು 64 ಪುಟದ ಪುಸ್ತಕ, ಮಧುಗಿರಿಯಲ್ಲೇ ಅಚ್ಚಾಯಿತು, 300 ಪ್ರತಿ. ಸದಸ್ಯರಾಗಿದ್ದ 24 ಜನರ ಮನೆಗೂ ಒಂದೊಂದು, ಹಳೇ ಮಂಡಲದ ಎಲ್ಲ ಶಾಲೆಗಳಿಗೆ, ಎರಡೂ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ, ತುಮಕೂರಿನ ಜಿಲ್ಲಾ ಗ್ರಂಥಾಲಯಕ್ಕೆ ಕೊಟ್ಟೆ. ಕೊನೆಯಲ್ಲಿ ಆರು ಖಾಲಿ ಪುಟ ಬಿಡಿಸಿದ್ದೆ, ತಪ್ಪು ಕಂಡವರು ಅಲ್ಲೇ ಬರೆಯಲಿ ಅಂತ. ನೀವೂ ಬಿಡಿಸಿ. ಬರೆಯಲು ಪೆನ್ನು ಕೊಟ್ಟು ಬನ್ನಿ.

ಆ ಪುಟಗಳಲ್ಲಿ ಬರೆದು ವಾಪಸ್ ಬಂದ ಮೊದಲ ಪ್ರತಿ, ಕುರ್ಚಿಯಲ್ಲಿ ತಾವೇ ಕೂತೆ ಅಂದ ಅಮ್ಮನ ಮನೆಯದು. ನಡಾವಳಿ ಪುಸ್ತಕದಲ್ಲಿ ಅವರ ಹೆಸರು ಬರೆದಿರಲಿಲ್ಲ, ಗಂಡನ ಹೆಸರು ಬರೆದು ‘ಇವರ ಪತ್ನಿ’ ಅಂತ ಹಾಕಿದ್ದರು. ನಾನು ರೇಷನ್ ಕಾರ್ಡು ನೋಡಿ ಒಂದು ಹೆಸರು ಬರೆದಿದ್ದೆ. ಅವರ ಮಗಳು ಅದರ ಕೆಳಗೆ ಗುಂಡು ಅಕ್ಷರದಲ್ಲಿ, ಅಮ್ಮನನ್ನು ತವರಿನಲ್ಲಿ ಕೂಗುತ್ತಿದ್ದ ಹೆಸರು ಬೇರೆ, ಓಟಿನ ಚೀಟಿಯಲ್ಲಿ ಅಚ್ಚಾಗಿದ್ದದ್ದೂ ಅದೇ, ಅಮ್ಮನಿಗೆ ಅದೇ ಇಷ್ಟ ಅಂತ ಬರೆದು, ಆ ಹೆಸರು ಬರೆದು, ಪಕ್ಕದಲ್ಲಿ ಅಮ್ಮನ ಹೆಬ್ಬೆಟ್ಟು ಒತ್ತಿಸಿದ್ದಳು. ಎರಡನೇ ಸಲದ ಅಚ್ಚಿನಲ್ಲಿ ಆ ಹೆಸರೇ ಇದೆ.